ಅಂಡಮಾನ್ ಗುಂಪು ಪ್ರವಾಸ: ತಿಥಿ ನೋಡಿ ಟಿಕೆಟ್ ಮಾಡಿಸಿದ ನನ್ನ ಅನುಭವ

ಗುಂಪು ಕಟ್ಟಿಕೊಂಡು ಅಂಡಮಾನ್‌ಗೆ ಹೊರಡುವವರೆಲ್ಲ ಮೊದಲು ವಿಮಾನದ ದರ ನೋಡುತ್ತಾರೆ. ನಾನು ಮೊದಲು ಪಂಚಾಂಗ ತೆಗೆದೆ. "ಟೂರಿಗೂ ಮುಹೂರ್ತವಾ?" ಅಂತ ನಮ್ಮ ಬಳಗದಲ್ಲೇ ನಕ್ಕರು. ವರ್ಷಗಟ್ಟಲೆ ಟೂರ್ ಮಾಡಿಸುತ್ತಿರುವ ಗೆಳೆಯರೊಬ್ಬರು, "ತಿಥಿ ಹಿಡಿದು ಕೂತರೆ ಅಗ್ಗದ ಟಿಕೆಟ್ ಕೈತಪ್ಪುತ್ತೆ, ಅಷ್ಟೇ" ಅಂದರು. ತಲೆಗೆ ಎರಡು ಸಾವಿರದಷ್ಟು ಹೆಚ್ಚಾದದ್ದು ನಿಜ. ಆ ದುಡ್ಡಿಗೆ ಏನು ಸಿಕ್ಕಿತು ಅನ್ನೋದನ್ನು ಬರೆಯಲೇಬೇಕು.

ಅಲ್ಲಿನ ನೀಲ್ ದ್ವೀಪದ ಕಡಲಂಚಿನಲ್ಲಿರುವ ಸಹಜ ಕಲ್ಲುಕಮಾನಿನ ಹತ್ತಿರ ಹೋಗಲು ಇಳಿತವೇ ಬೇಕು, ಅಂದರೆ ಕಡಲ ನೀರು ಇಳಿದಿರಬೇಕು. ಅದೇ ದ್ವೀಪದ ಭರತಪುರ ಕಡಲತೀರದಲ್ಲಿ ಈಜಲು ಭರತ ಬೇಕು, ನೀರು ಏರಿರಬೇಕು. ನೀರು ಇಳಿದಾಗ ಅಲ್ಲಿ ಬರೀ ಕಲ್ಲು, ಹವಳ, ಕೊಯ್ದುಕೊಂಡ ಕಾಲು. ಹಿಂದೊಮ್ಮೆ ಪ್ಯಾಕೇಜಿನವರ ವೇಳಾಪಟ್ಟಿಯಂತೆ ಹೋದ ನಮ್ಮವರೇ ಒಂದು ಗುಂಪು ಕಮಾನಿಗೆ ಭರತದಲ್ಲಿ ತಲುಪಿ, ಭರತಪುರಕ್ಕೆ ಇಳಿತದಲ್ಲಿ ತಲುಪಿ, ಎರಡೂ ಕಡೆ ದಡದಲ್ಲೇ ನಿಂತು ಫೋಟೋ ತೆಗೆಸಿಕೊಂಡು ಬಂದಿತ್ತು. ತಲೆಗೆ ಇಪ್ಪತ್ತೆಂಟು ಸಾವಿರ ಕೊಟ್ಟು!

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಚೆನ್ನಾಗಿ ಇಳಿಯುತ್ತದೆ ಅನ್ನೋದು ಗೊತ್ತಿರುವ ವಿಷಯ. ಆದರೆ ಅಲ್ಲಿ ಆ ದಿನಗಳಲ್ಲಿ ದೊಡ್ಡ ಇಳಿತ ಬರುವುದು ನಸುಕಿನ ಕತ್ತಲಲ್ಲಿ, ಮತ್ತೆ ಸಂಜೆಯ ಹೊತ್ತಿಗೆ. ಇಳಿತ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದಲ್ಲ, ಹಾಗಾಗಿ ತದಿಗೆ–ಚೌತಿಗೆ ಬೆಳಗಿನ ಇಳಿತ ಆರು, ಆರೂವರೆಗೆ ಬಂದು ನಿಲ್ಲುತ್ತದೆ. ಆಗ ಭರತ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ. ಬೆಳಿಗ್ಗೆ ಕಲ್ಲಿನ ಮೇಲೆ ನಡಿಗೆ, ಮಧ್ಯಾಹ್ನ ಈಜು. ನೀಲ್‌ಗೆ ಬಹುಳ ತದಿಗೆಯಂದು ಕಾಲಿಡಬೇಕು ಅಂತ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಮೊದಲು ಹಡಗು, ಆಮೇಲೆ ರೂಮು, ಕೊನೆಗೆ ವಿಮಾನ ಬುಕ್ ಮಾಡಿದೆ. ತಿಥಿ ದಿಕ್ಕು ತೋರಿಸುತ್ತದೆ ಅಷ್ಟೇ. ಗಂಟೆ ನಿಮಿಷಕ್ಕೆ ಭರತ–ಇಳಿತದ ಪಟ್ಟಿಯನ್ನೇ ನೋಡಿ. ಎರಡನ್ನೂ ಹೊಂದಿಸಿದ ನನ್ನದೊಂದು ಕೋಷ್ಟಕ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

"ಗುಂಪು ನಾಲ್ಕೂವರೆಗೆ ಏಳಲ್ಲ" ಅನ್ನೋದು ಎರಡನೇ ತಕರಾರು. ಅಂಡಮಾನ್ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಜನವರಿಯಲ್ಲಿ ಐದೂಕಾಲಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಎಂಟಕ್ಕೆ ತಿಂಡಿ, ಹತ್ತಕ್ಕೆ ಹೊರಡೋದು ಅಂದರೆ ಅರ್ಧ ದಿನ ಹೋಯಿತು. ಹೊರಡುವ ವಾರದ ಮೊದಲೇ ಎಲ್ಲರಿಗೂ ರಾತ್ರಿ ಎಂಟೂವರೆಗೆ ಮಲಗುವ ಅಭ್ಯಾಸ ಮಾಡಿಸಿದೆ. ಹದಿನಾಲ್ಕು ಜನರಲ್ಲಿ ಹನ್ನೆರಡು ಜನ ಕಮಾನಿನ ಹತ್ತಿರ ಬೆಳಕು ಹರಿಯುವ ಮೊದಲೇ ಇದ್ದರು. ಕಲ್ಲುಗುಂಡಿಯ ನೀರಿನಲ್ಲಿ ಸಮುದ್ರ ಸೌತೆ, ಪುಟ್ಟ ಏಡಿ, ಬಾಯಿ ತೆರೆದ ದೊಡ್ಡ ಚಿಪ್ಪಿನ ನೀಲಿ ಅಂಚು. ನಮ್ಮ ನಿವೃತ್ತ ಮೇಷ್ಟ್ರು ಪಂಚೆ ಎತ್ತಿಕಟ್ಟಿ ಒಂದೇ ಗುಂಡಿಯ ಮುಂದೆ ಅರ್ಧ ಗಂಟೆ ಕೂತಿದ್ದರು. ನೆರಳು ಬಿದ್ದರೆ ಚಿಪ್ಪು ಮುಚ್ಚುತ್ತೆ, ಸುಮ್ಮನಿದ್ದರೆ ಮತ್ತೆ ತೆರೆಯುತ್ತೆ ಅಂತ ಎಲ್ಲರನ್ನೂ ಕರೆದು ತೋರಿಸಿದರು. ಬೇರೆ ಗುಂಪುಗಳು ಬರುವ ಹೊತ್ತಿಗೆ ನೀರು ಏರತೊಡಗಿತ್ತು.

ಚಿಪ್ಪು, ಹವಳ ಒಂದನ್ನೂ ಚೀಲಕ್ಕೆ ಹಾಕಬೇಡಿ, ಹಾಕಲು ಬಿಡಬೇಡಿ. ಕಾನೂನು ಗಟ್ಟಿಯಾಗಿದೆ, ವಿಮಾನ ನಿಲ್ದಾಣದಲ್ಲಿ ಚೀಲ ನೋಡುತ್ತಾರೆ. ಹೊರಡುವ ಹಿಂದಿನ ರಾತ್ರಿ ಮಕ್ಕಳ ಜೇಬು ನಾನೇ ನೋಡಿದೆ.

ಚೀಲ ತಲೆಗೆ ಒಂದೇ, ಹತ್ತು ಕೆಜಿ ಒಳಗೆ. ಇದಕ್ಕೆ ಜಗಳವೇ ಆಯಿತು. ಆದರೆ ಜೆಟ್ಟಿಯಿಂದ ಹಡಗು, ಹಡಗಿನಿಂದ ಜೀಪು ಅಂತ ಎತ್ತಿ ಇಳಿಸುವಾಗ ಯಾರೂ ಮಾತಾಡಲಿಲ್ಲ. ಹಡಗಿಗೆ ಅಸಲಿ ಗುರುತಿನ ಚೀಟಿ ಕೈಯಲ್ಲೇ ಇರಲಿ. ಟಿಕೆಟಿನ ಮೇಲೆ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಅಂತ ಇರುತ್ತೆ. 2018ರಲ್ಲಿ ಬದಲಾದ ಹೆಸರುಗಳು, ಹ್ಯಾವ್‌ಲಾಕ್ ಮತ್ತು ನೀಲ್‌ಗೇ. ಹಿರಿಯರು ಗಾಬರಿಯಾಗದ ಹಾಗೆ ಮೊದಲೇ ಹೇಳಿಬಿಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ. ಇಪ್ಪತ್ತು ಸಾವಿರ ಎಂಎಎಚ್‌ನದು ಸಾಕು.

ನಡುವೆ ಒಂದು ಪ್ರಯೋಗ. ಮೊಬೈಲ್‌ನ ನೀರುನಿರೋಧಕ ಚೀಲಗಳನ್ನು ಬೇರೆ ಬೇರೆ ಕಡೆಯಿಂದ ಐದಾರು ತರಿಸಿ, ಒಳಗೆ ಟಿಶ್ಯೂ ಕಾಗದ ಇಟ್ಟು, ಬಕೆಟ್ ತಳಕ್ಕೆ ಕಲ್ಲು ಹೇರಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎರಡು ಒದ್ದೆ. ಒಂದು ಎಲ್ಲಕ್ಕಿಂತ ದುಬಾರಿಯದು, ಆರುನೂರರ ಮೇಲೆ ಕೊಟ್ಟಿದ್ದೆ. ಗೆದ್ದದ್ದು ನೂರೈವತ್ತರದು! ವಾಂತಿಗೆ ಶುಂಠಿಯೋ ಮಾತ್ರೆಯೋ ಅಂತಲೂ ನೋಡಿದೆವು. ಹಡಗು ಹತ್ತುವ ಅರ್ಧ ಗಂಟೆ ಮೊದಲೇ ಮಾತ್ರೆ ನುಂಗಿದವರು ಆರಾಮ, ಹಡಗು ಅಲ್ಲಾಡಲು ಶುರುವಾದ ಮೇಲೆ ನುಂಗಿದವರಿಗೆ ಏನೂ ಪ್ರಯೋಜನ ಆಗಲಿಲ್ಲ. ಶುಂಠಿ ನಂಬಿದ ಮೂವರಲ್ಲಿ ಒಬ್ಬರಷ್ಟೇ ಪಾಸ್.

ಸ್ಕೂಬಾ ಇದ್ದರೆ ಪ್ರವಾಸದ ಮೊದಲರ್ಧಕ್ಕೇ ಮುಗಿಸಿ. ಮುಳುಗಿ ಎದ್ದ ಮೇಲೆ ವಿಮಾನ ಹತ್ತಲು ಒಂದು ದಿನವಾದರೂ ಕಳೆಯಲಿ. ಕೊನೆಯ ದಿನ ಪೋರ್ಟ್ ಬ್ಲೇರ್‌ನಲ್ಲಿ (2024ರಿಂದ ಶ್ರೀ ವಿಜಯ ಪುರಂ) ಖಾಲಿ ಇಡಿ, ಸೆಲ್ಯುಲಾರ್ ಜೈಲು ಆ ದಿನಕ್ಕಿರಲಿ. ಗಾಳಿಯಿಂದ ನಮ್ಮ ಹಡಗು ಅರ್ಧ ದಿನ ತಡವಾಯಿತು. ಖಾಲಿ ದಿನ ಇಲ್ಲದ ಇನ್ನೊಂದು ಗುಂಪು ವಿಮಾನ ತಪ್ಪಿಸಿಕೊಂಡು ಹೊಸ ಟಿಕೆಟಿಗೆ ಲಕ್ಷದ ಹತ್ತಿರ ಸುರಿಯಿತು.

ಇನ್ನು ದುಡ್ಡು. ಸಮುದ್ರದಡಿಯ ಕೇಬಲ್ 2020ರಲ್ಲಿ ಬಂದ ಮೇಲೆ ಇಂಟರ್ನೆಟ್ ಸುಧಾರಿಸಿದೆ, ಆದರೆ ಕಡಲತೀರದ ಅಂಗಡಿಯಲ್ಲಿ ಫೋನ್‌ಪೇ ಸುತ್ತುತ್ತಲೇ ಇರುತ್ತೆ. ಗುಂಪಿಗೆ ನಗದು ನಲವತ್ತು ಸಾವಿರ ಇಟ್ಟುಕೊಂಡೆ, ಮೂರು ಜನರ ಬಳಿ ಹಂಚಿ. "ಆಮೇಲೆ ಲೆಕ್ಕ ಮಾಡೋಣ" ಅನ್ನೋ ಪದ್ಧತಿಯಲ್ಲಿ ಸ್ನೇಹ ಕೆಟ್ಟದ್ದನ್ನು ನೋಡಿದ್ದೇನೆ. ಹಾಗಾಗಿ ವಿಮಾನ ಬಿಟ್ಟು ತಲೆಗೆ ಇಪ್ಪತ್ನಾಲ್ಕು ಸಾವಿರ, ಮೂರು ಕಂತಿನಲ್ಲಿ, ಎಲ್ಲ ಮುಂಗಡ. ಅದರಲ್ಲಿ ಎರಡು ಸಾವಿರ "ಕಡಲಿನ ಪಾಲು", ಹಡಗು ಕೈಕೊಟ್ಟರೆ ಮಾತ್ರ ಮುಟ್ಟುವಂಥದ್ದು. ದಿನಾ ರಾತ್ರಿ ಊಟದ ಮುಂಚೆ ಖರ್ಚು ಓದಿ ಹೇಳುತ್ತಿದ್ದೆ. ದೋಣಿಯವರೊಬ್ಬರು ನಮಗೆ ಮಾತ್ರ ಮೂರನೇ ಒಂದು ಪಾಲು ಕಡಿಮೆ ಮಾಡಿದರು. ಅದನ್ನು ಹೇಗೆ ಸಾಧಿಸಿದೆ ಅಂತ ಇಲ್ಲಿ ಬರೆಯಲಾರೆ. ಊರಿಗೆ ಬಂದ ವಾರದೊಳಗೆ ತಲೆಗೆ ಸಾವಿರದ ಮುನ್ನೂರು ಚಿಲ್ಲರೆ ವಾಪಸ್ ಹಾಕಿ ಲೆಕ್ಕ ಮುಚ್ಚಿದೆ. ವಿಮಾನಕ್ಕೆ ಹೆಚ್ಚು ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೊಂದಿಹೋಯಿತು.