677ಕ್ಕೆ 704: ಎನ್‌ಟಿಆರ್‌ಯು ಗುಣಾಕಾರವನ್ನು ಟೋಪ್ಲಿಟ್ಸ್ ಮಾತೃಕೆಯಿಂದ ಮಾಡಿದ ನನ್ನ ಅನುಭವ

ಎನ್‌ಟಿಆರ್‌ಯು ಒಂದು ಸಾರ್ವಜನಿಕ ಕೀಲಿಯ ಗೂಢಲಿಪಿ ವಿಧಾನ. ಅದರ ಎಚ್‌ಪಿಎಸ್ 2048677 ರೂಪದಲ್ಲಿ 677 ಸಹಗುಣಕಗಳ ಬಹುಪದೋಕ್ತಿಗಳನ್ನು ಗುಣಿಸಿ, 2048ರಿಂದ ಭಾಗಿಸಿದ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು; ಈ 2048 ಅದರ ಮಾಡ್ಯುಲಸ್. ಈ ಗುಣಾಕಾರವನ್ನು ಬರೀ ಟೋಪ್ಲಿಟ್ಸ್ ಮಾತೃಕೆಯ (ಪ್ರತಿ ಓರೆಸಾಲಿನಲ್ಲೂ ಒಂದೇ ಸಂಖ್ಯೆ ಇರುವ ಮಾತೃಕೆ) ವಿಭಜನೆಯಿಂದ, ಕಾರ್ಟೆಕ್ಸ್-ಎಂ4 ಎಂಬ ಚಿಕ್ಕ ಪ್ರೊಸೆಸರ್ ಮೇಲೆ ಒಂದೂವರೆ ಲಕ್ಷ ಸೈಕಲ್‌ಗಳ ಆಸುಪಾಸಿನಲ್ಲಿ ಮುಗಿಸಬಹುದು ಎಂದು ನಾನು ಹೇಳಿದಾಗ ಒಪ್ಪಿದವರು ಕಡಿಮೆ. 2022ರ ಜುಲೈಯಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಪ್ರತಿಸ್ಪರ್ಧಿ ವಿಧಾನವಾದ ಕೈಬರ್ ಅನ್ನು ಆರಿಸಿದ ಮೇಲೆ ಎನ್‌ಟಿಆರ್‌ಯುವಿಗೆ ಸಮಯ ಹಾಕುವುದೇ ದಂಡ ಎಂದವರಿದ್ದರು. ಮಾಡಲೇಬೇಕಿದ್ದರೆ ದೊಡ್ಡ ಅವಿಭಾಜ್ಯವೊಂದನ್ನು ಹಿಡಿದು ಎನ್‌ಟಿಟಿ (ಪೂರ್ಣಾಂಕಗಳ ಮೇಲಿನ ಫೂರಿಯೆ ಪರಿವರ್ತನೆ) ಮಾಡಿ ಎಂದವರೂ ಇದ್ದರು. ಆದರೆ ಗ್ರಾಹಕರಿಗೆ ಬೇಕಿದ್ದುದು ಎನ್‌ಟಿಆರ್‌ಯು. ಸಿದ್ಧ ಲೈಬ್ರರಿಯ ಪರವಾನಗಿಗೆ ಕೇಳಿದ್ದ ಮೂರು ಲಕ್ಷಕ್ಕೂ ಮಿಕ್ಕ ಮೊತ್ತ ನಮ್ಮ ಇಡೀ ಸಂಭಾವನೆಯ ಅರ್ಧವನ್ನು ನುಂಗುತ್ತಿತ್ತು. ಮೂರು ಸಾವಿರದೊಳಗೆ ಸಿಕ್ಕ, ಕಾರ್ಟೆಕ್ಸ್-ಎಂ4 ಇರುವ ಎಸ್‌ಟಿಎಂ32ಎಫ್407 ಬೋರ್ಡನ್ನು ತಂದು ನಾನೇ ಬರೆಯಲು ಕುಳಿತೆ.

ಮೊದಲು ಎಲ್ಲರೂ ಹಿಡಿಯುವ ದಾರಿಯನ್ನೇ ಹಿಡಿದೆ. ಬಹುಪದೋಕ್ತಿಯನ್ನು ನಾಲ್ಕು ಪಾಲಾಗಿ ಸೀಳಿ ಗುಣಿಸುವ ಟೂಮ್-4ರ ಕೆಳಗೆ, ಎರಡು ಪಾಲಾಗಿ ಸೀಳುವ ಕರಾತ್ಸುಬಾ ಇಟ್ಟಾಗ ಎರಡು ಲಕ್ಷ ಸೈಕಲ್‌ಗಳ ಸುತ್ತಮುತ್ತ ನಿಂತಿತು. ಅಲ್ಲಿಂದ ಕೆಳಗಿಳಿಸಲು ಟೂಮ್-3 ಸೇರಿಸಿದರೆ 2048ರ ಮಾಡ್ಯುಲಸ್‌ಗೆ ನಡೆಯುತ್ತದೆ. ಆದರೆ ಮುಂದೆ ಎನ್‌ಟಿಆರ್‌ಯುವಿನ ಇನ್ನೊಂದು ರೂಪವಾದ ಎಚ್‌ಆರ್‌ಎಸ್‌ಎಸ್ 701 ಕೂಡ ಬೇಕೆಂದು ಗ್ರಾಹಕರು ಮೊದಲೇ ತಿಳಿಸಿದ್ದರು. ಅದರ ಮಾಡ್ಯುಲಸ್ 8192, ಅಂದರೆ 13 ಬಿಟ್. ಟೂಮ್-4ರ ಭಾಗಾಕಾರಗಳು ಮೂರು ಬಿಟ್ ತಿನ್ನುತ್ತವೆ, ಟೂಮ್-3 ಇನ್ನೊಂದನ್ನು ತಿನ್ನುತ್ತದೆ; 16 ಬಿಟ್‌ನ ಪದದಲ್ಲಿ ಅಷ್ಟು ಜಾಗವಿಲ್ಲ. 1536 ಉದ್ದದ ಎನ್‌ಟಿಟಿ ವೇಗದಲ್ಲಿ ಹಿಂದೆ ಬೀಳಲಿಲ್ಲ. ಒಂದು ಬದಿ ಚಿಕ್ಕ ಸಹಗುಣಕಗಳದ್ದಾಗಿದ್ದಾಗ ಫಲಿತಾಂಶ ಸುಮಾರು 7 ಲಕ್ಷದೊಳಗೆ ಉಳಿಯುತ್ತದೆ. ಕೀಲಿ ತಯಾರಿಸುವಾಗ ಮಾತ್ರ ಎರಡೂ ಬದಿ ದೊಡ್ಡವಾಗಿ, ಸಂಖ್ಯೆ 70 ಕೋಟಿ ದಾಟುತ್ತದೆ. ಆಗ ಅವಿಭಾಜ್ಯವನ್ನೇ ಬದಲಿಸಬೇಕು, ಅದಕ್ಕೊಂದು ಬೇರೆ ಕೋಡ್ ಇಟ್ಟುಕೊಳ್ಳಬೇಕು. ಇದನ್ನು ನಾನು ಒಪ್ಪಲಿಲ್ಲ.

ಟೋಪ್ಲಿಟ್ಸ್ ದಾರಿಯಲ್ಲಿ ಈ ತೊಡಕುಗಳಿಲ್ಲ. ಒಂದು ಬಹುಪದೋಕ್ತಿಯನ್ನು ಮಾತೃಕೆಯಾಗಿ, ಇನ್ನೊಂದನ್ನು ಸದಿಶವಾಗಿ ಬರೆದು ಗುಣಿಸುವುದೇ ಈ ದಾರಿ. ಮಾತೃಕೆಯ ಮೇಲಿನ ಸಾಲಿನ ತುಂಡುಗಳು T1, T0, ಕೆಳಗಿನವು T2, T1, ಸದಿಶದ ಎರಡು ಅರ್ಧಗಳು V0, V1 ಆಗಿದ್ದರೆ T1(V0+V1), (T0−T1)V1, (T2−T1)V0 ಎಂಬ ಮೂರೇ ಗುಣಲಬ್ಧಗಳು ಸಾಕು. ಭಾಗಾಕಾರ ಎಲ್ಲಿಯೂ ಬರುವುದಿಲ್ಲವಾದ್ದರಿಂದ 16 ಬಿಟ್ ಮೀರಿದ್ದನ್ನು ಹಾಗೆಯೇ ಬಿಟ್ಟುಬಿಡಬಹುದು. ಚಕ್ರೀಯ ಇಳಿಕೆಯೂ (677 ದಾಟಿದ ಪದಗಳನ್ನು ಮತ್ತೆ ಮೊದಲಿಗೆ ಸುತ್ತಿ ತರುವುದು) ಮಾತೃಕೆಯೊಳಗೇ ಅಡಗಿರುವುದರಿಂದ ಕೊನೆಯಲ್ಲಿ ಅದಕ್ಕೆಂದು ಬೇರೆ ಸುತ್ತು ಬೇಡ.

ಹೆಚ್ಚು ದಿನ ಹಿಡಿದದ್ದು ಗಾತ್ರದ ಆಯ್ಕೆ. 677ರ ಕೊನೆಗೆ ಸೊನ್ನೆಗಳನ್ನು ಸೇರಿಸಿ 720ಕ್ಕೆ ಹಿಗ್ಗಿಸಿ, ಮೊದಲು ಮೂರು ಪಾಲು, ಆಮೇಲೆ ಎರಡೆರಡು ಪಾಲು ಮಾಡಿ 30ಕ್ಕೆ ಇಳಿದರೆ 162 ತುಂಡುಗಳು, ಒಟ್ಟು 1,45,800 ಗುಣಾಕಾರಗಳು. ಅದನ್ನು ಕೈಬಿಟ್ಟು 704 ಹಿಡಿದೆ: ಐದು ಬಾರಿ ಎರಡಾಗಿ ಸೀಳಿದರೆ 22 ಗಾತ್ರದ 243 ತುಂಡುಗಳು, 1,17,612 ಗುಣಾಕಾರಗಳು. ನೇರ ವಿಧಾನದಲ್ಲಿ ಇದು ನಾಲ್ಕೂವರೆ ಲಕ್ಷ ದಾಟುತ್ತದೆ. 22 ಸಮಸಂಖ್ಯೆಯಾದ್ದರಿಂದ ಎಸ್‌ಎಂಎಲ್‌ಎಡಿಎಕ್ಸ್ ಎಂಬ ಪ್ರೊಸೆಸರ್ ಸೂಚನೆ ಒಂದೇ ಏಟಿಗೆ ಎರಡೆರಡನ್ನು ಗುಣಿಸಿ ಕೂಡಿಸುತ್ತದೆ. 22×22 ತುಂಡಿನೊಳಗೆ ರಿಜಿಸ್ಟರ್‌ಗಳನ್ನು ಯಾವ ಕ್ರಮದಲ್ಲಿ ತುಂಬಿದೆ, ಯಾವುದನ್ನು ಮುಂದಿನ ಸಾಲಿಗೆ ಉಳಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ವೇಗದ ದೊಡ್ಡ ಪಾಲು ಅಲ್ಲಿದೆ, ಮುಂದಿನ ಕೆಲಸಗಳ ಬೆಲೆಯೂ ಅದರ ಮೇಲೆ ನಿಂತಿದೆ. ಅಳತೆಯನ್ನು 24 ಮೆಗಾಹರ್ಟ್ಸ್‌ನಲ್ಲಿಯೇ ಮಾಡಿದೆ, ಏಕೆಂದರೆ 168ಕ್ಕೆ ಏರಿಸಿದರೆ ಫ್ಲ್ಯಾಶ್ ಮೆಮೊರಿಗಾಗಿ ಕಾಯುವ ಸೈಕಲ್‌ಗಳು ಲೆಕ್ಕದೊಳಗೆ ನುಸುಳುತ್ತವೆ.

ಗ್ರಾಹಕರ ಸಾಧನ ಪದೇ ಪದೇ ಒಂದೇ ಸರ್ವರಿನ ಸಾರ್ವಜನಿಕ ಕೀಲಿಯನ್ನು ಬಳಸುತ್ತದೆ. ಹೀಗಾಗಿ ಮಾತೃಕೆಯ ಬದಿಯ ವ್ಯವಕಲನಗಳನ್ನು ಒಮ್ಮೆ ಮಾಡಿಟ್ಟುಕೊಂಡರೆ ಸಾಕು. ಐದೂ ಹಂತಗಳದ್ದನ್ನು ಇಡಲು 21 ಕೆಬಿ ಬೇಕು. ನಮಗೆ ಬಿಟ್ಟುಕೊಟ್ಟಿದ್ದ ರ‍್ಯಾಮ್ 16 ಕೆಬಿ ಮಾತ್ರ. ಎರಡು ಹಂತಗಳದ್ದನ್ನಷ್ಟೇ ಇಟ್ಟೆ, ಆರು ಕೆಬಿ ಚಿಲ್ಲರೆಯಲ್ಲಿ ಮುಗಿಯಿತು. ಒಟ್ಟು ಸಮಯದಲ್ಲಿ ಹತ್ತಕ್ಕೊಂದು ಪಾಲಿನಷ್ಟು ಉಳಿತಾಯ ಕಂಡ ನೆನಪು.

ನಡುವೆ ಎರಡು ಅಡ್ಡ ಪ್ರಯೋಗಗಳೂ ನಡೆದವು. −1, 0, 1 ಮಾತ್ರ ಇರುವ ಬಹುಪದೋಕ್ತಿಯಲ್ಲಿ ಸೊನ್ನೆಯಲ್ಲದ ಸ್ಥಾನಗಳನ್ನು ಪಟ್ಟಿ ಮಾಡಿ, ಗುಣಾಕಾರವನ್ನೇ ಬಿಟ್ಟು ಕೂಡಿಸುತ್ತಾ ಹೋದರೆ ಹೇಗೆಂದು ನೋಡಿದೆ. ಮೂರು ಲಕ್ಷದಷ್ಟು ಸಂಕಲನಗಳಾದವು; ಅದಕ್ಕಿಂತ ಕೆಟ್ಟದ್ದೆಂದರೆ ಸೊನ್ನೆಯಲ್ಲದ ಸ್ಥಾನಗಳೆಷ್ಟು ಎಂಬ ಗುಟ್ಟು ಸಮಯದ ಮೂಲಕ ಹೊರಬೀಳುತ್ತದೆ. ಅದನ್ನು ಅಂದೇ ಕೈಬಿಟ್ಟೆ. ಇನ್ನೊಂದು, ಆಗ ನಾಲ್ಕೈದು ನೂರು ರೂಪಾಯಿಗೆ ಸಿಗುತ್ತಿದ್ದ ರಾಸ್ಪ್‌ಬೆರಿ ಪೈ ಪಿಕೊ ಬೋರ್ಡಿನ ಮೇಲೆ. ಅದರ ಕಾರ್ಟೆಕ್ಸ್-ಎಂ0+ನಲ್ಲಿ ಜೋಡಿ ಗುಣಾಕಾರದ ಸೂಚನೆ ಇಲ್ಲದ್ದರಿಂದ ಇನ್ನೊಂದು ಹಂತ ಸೀಳಿ 11ಕ್ಕೆ ಇಳಿದೆ. ಗುಣಾಕಾರಗಳು 88,209ಕ್ಕೆ ಬಂದು, ಅಲ್ಲಿ ಅದೇ ಲಾಭದಾಯಕವಾಯಿತು.

701ಕ್ಕೂ 704 ಸಾಕು, ಮೂರೇ ಸೊನ್ನೆ ಸೇರಿಸಿದರಾಯಿತು. ಎಚ್‌ಆರ್‌ಎಸ್‌ಎಸ್ ಕೇಳಿದ ದಿನ ಗುಣಾಕಾರದ ತಿರುಳನ್ನು ಮುಟ್ಟದೆ, ಉದ್ದವನ್ನೂ ಕೊನೆಯ ಮಾಸ್ಕನ್ನೂ (ಬೇಕಾದ ಬಿಟ್‌ಗಳನ್ನಷ್ಟೇ ಉಳಿಸುವ ಸಂಖ್ಯೆ) ಬದಲಿಸಿ ಸಂಜೆಯೊಳಗೆ ಒಪ್ಪಿಸಿದೆ. 821 ಸಹಗುಣಕಗಳ ಎಚ್‌ಪಿಎಸ್ ರೂಪಕ್ಕೆ 832 ಬೇಕಾಗುತ್ತದೆ, ಅಲ್ಲಿ ತುಂಡು 26ರದ್ದು. ಅದರ ಒಳಭಾಗವನ್ನು ಹೊಸದಾಗಿ ಬರೆಯುತ್ತಿದ್ದೇನೆ.