ನಾನೂರು ರೂಪಾಯಿ ಮಾಡ್ಯೂಲ್‌ನಲ್ಲಿ ಮೈಕ್ರೋಸೆಕೆಂಡ್ ಹಿಡಿದದ್ದು

ಮನೆಯ ಪುಟ್ಟ ಕಂಪ್ಯೂಟರಿನ ಗಡಿಯಾರವನ್ನು ಜಿಪಿಎಸ್ ಉಪಗ್ರಹಗಳ ಸಮಯಕ್ಕೆ ಹೊಂದಿಸಲು ಹೊರಟಿದ್ದೆ. "ಇಷ್ಟು ಅಗ್ಗದ ಜಿಪಿಎಸ್‌ನಲ್ಲಿ ಮಿಲಿಸೆಕೆಂಡ್ ಸಿಕ್ಕರೂ ಹೆಚ್ಚು, ಸಮಯಕ್ಕೆಂದೇ ಮಾಡಿದ ಟೈಮಿಂಗ್ ರಿಸೀವರ್ ತರಿಸಿಕೊಳ್ಳಿ" ಎಂದು ಹ್ಯಾಮ್ ರೇಡಿಯೋ ಗೆಳೆಯರೆಲ್ಲ ಹೇಳಿದ್ದರು. ಈಗ ನನ್ನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈನ ಗಡಿಯಾರದ ತಪ್ಪು ಹಗಲೂ ರಾತ್ರಿ ಒಂದು ಮೈಕ್ರೋಸೆಕೆಂಡಿನ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದ, ಆಸುಪಾಸಿನಲ್ಲೇ ಇದೆ. ಪೈನ ಸಮಯ ಸರಿಪಡಿಸುವ ತಂತ್ರಾಂಶ ಕ್ರೋನಿಯ ಗ್ರಾಫ್ ತೋರಿಸಿದ ಮೇಲೆ ಯಾರೂ ಆ ಮಾತು ಎತ್ತಿಲ್ಲ.

ಮೊದಲು ತಂದದ್ದು ಜಿಪಿಎಸ್‌ನ ಯುಎಸ್‌ಬಿ ಡಾಂಗಲ್. ಎಂಟುನೂರು ರೂಪಾಯಿ ದಂಡ. ಸೆಕೆಂಡಿಗೊಮ್ಮೆ ನಿಖರವಾಗಿ ಬರುವ ಪಲ್ಸ್, ಅಂದರೆ ಪಿಪಿಎಸ್ ಇಲ್ಲ, ಬರೀ ಸಮಯ-ಸ್ಥಳ ಹೇಳುವ ಅಕ್ಷರಗಳ ಎನ್‌ಎಂಇಎ ಸಾಲು. ಅದು ಒಮ್ಮೆ 100 ಮಿಲಿಸೆಕೆಂಡ್ ತಡ, ಇನ್ನೊಮ್ಮೆ 300. ಇಂಟರ್ನೆಟ್ಟಿನಿಂದ ಸಮಯ ತರುವ ಎನ್‌ಟಿಪಿಯೇ ಅದಕ್ಕಿಂತ ವಾಸಿ. ಹ್ಯಾಮ್‌ಗಳ ಡಿಜಿಟಲ್ ಸಂದೇಶ ವಿಧಾನ ಎಫ್‌ಟಿ8ಗಾದರೆ ಅಷ್ಟು ಸಾಕು, ಅಲ್ವಾ? ನನಗೆ ಸಾಕಾಗಲಿಲ್ಲ.

ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ನಿಯೋ-6ಎಂ ಎಂಬ ಜಿಪಿಎಸ್ ಬೋರ್ಡ್ ಎರಡು ತಂದೆ. ಒಂದಕ್ಕೆ 400 ಇರಬೇಕು. ನನ್ನ ಬೋರ್ಡಿನಲ್ಲಿ ಪಿಪಿಎಸ್ ಪಿನ್ ಹೊರಗೆ ಬಂದಿರಲಿಲ್ಲ. ಆದರೆ ಮಿನುಗುವ ಎಲ್‌ಇಡಿಗೆ ಹೋಗುವುದು ಅದೇ ಪಲ್ಸ್. ಎಲ್‌ಇಡಿ ಪಕ್ಕದ ರೆಸಿಸ್ಟರಿನ ಚಿಪ್ ಕಡೆಯ ತುದಿಗೆ ಕೂದಲೆಳೆಯಂಥ ತಂತಿ ಬೆಸುಗೆ ಹಾಕಿ, ಪೈನ ಜಿಪಿಐಒ 18 ಎಂಬ ಪಿನ್ನಿಗೆ ಕೊಟ್ಟೆ. ಮೊದಲ ಬೋರ್ಡಿನ ಪ್ಯಾಡ್ ಕಿತ್ತು ಬಂತು. ಎರಡನೆಯದರಲ್ಲಿ ಬೆಸುಗೆ ನಿಂತಿತು. ಎನ್‌ಎಂಇಎಯಲ್ಲಿ ದಿನಾಂಕ, ಸಮಯ ಇರುವ ಆರ್‌ಎಂಸಿ ಸಾಲೊಂದನ್ನೇ ಬಿಟ್ಟು ಉಳಿದ ಸಾಲುಗಳನ್ನೆಲ್ಲ ನಿಲ್ಲಿಸಿದೆ. ಯಾವ ಸೆಕೆಂಡ್ ಎಂದು ಹೇಳಲು ಅದೊಂದು ಸಾಕು.

ಇನ್ನೊಂದು ಕಾಟ ಲೀಪ್ ಸೆಕೆಂಡಿನದು: ಜಗತ್ತಿನ ಅಧಿಕೃತ ಸಮಯವಾದ ಯುಟಿಸಿಗೆ ಆಗೊಮ್ಮೆ ಈಗೊಮ್ಮೆ ಒಂದು ಸೆಕೆಂಡ್ ಸೇರಿಸುತ್ತಾರೆ, ಜಿಪಿಎಸ್ ಸಮಯಕ್ಕೆ ಸೇರಿಸುವುದಿಲ್ಲ. 2017ರಿಂದ ಜಿಪಿಎಸ್ ಸಮಯ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಬೋರ್ಡಿನ ಸಣ್ಣ ಬ್ಯಾಟರಿ ಸತ್ತಿದ್ದರೆ ಹಳೆಯ ಚಿಪ್‌ಗೆ ಆ 18 ನೆನಪಿರುವುದಿಲ್ಲ, ತನ್ನೊಳಗಿನ ಹಳೆಯ, ಎರಡು-ಮೂರು ಕಡಿಮೆ ಇರುವ ಅಂಕಿಯನ್ನೇ ಹಿಡಿಯುತ್ತದೆ. ಉಪಗ್ರಹದ ಪೂರ್ತಿ ಸಂದೇಶ ಬರಲು 12.5 ನಿಮಿಷ ಬೇಕು. ಅಲ್ಲಿಯವರೆಗೆ ನನ್ನದು ಎರಡು-ಮೂರು ಸೆಕೆಂಡ್ ಮುಂದೆ ಓಡುತ್ತಿತ್ತು. ಈಗ ಕರೆಂಟ್ ಬಂದ ಮೇಲೆ ಕಾಲು ಗಂಟೆ ಕ್ರೋನಿ ಜಿಪಿಎಸ್‌ನ ಮಾತು ಕೇಳದ ಹಾಗೆ ಮಾಡಿದ್ದೇನೆ.

ಆಂಟೆನಾ ತಾರಸಿಯ ಮೇಲಿದೆ. ಇಪ್ಪತ್ತು ಮೀಟರ್ ಕೇಬಲ್ ಟಿವಿಯ ಆರ್‌ಜಿ-6. "ಜಿಪಿಎಸ್‌ಗೆ 50 ಓಮ್ ಕೇಬಲ್ ಬೇಕು, 75 ಓಮ್‌ನದು ಹಾಕಬಾರದು" ಎಂದರು ಗೆಳೆಯರು. ಚೆನ್ನಾಗೇ ನಡೆಯುತ್ತಿದೆ. ತಂತಿಯಲ್ಲಿ ಆಗುವ ತಡ ಸುಮಾರು 80 ನ್ಯಾನೋಸೆಕೆಂಡ್, ಪೈಗೆ ಅದು ಲೆಕ್ಕಕ್ಕೇ ಇಲ್ಲ. ಮಳೆಗಾಲದಲ್ಲಿ ಕನೆಕ್ಟರಿಗೆ ನೀರು ಇಳಿದು ಎರಡು ಆಂಟೆನಾ ಹೋದವು.

ಬೇಸಿಗೆಯಲ್ಲಿ ಫ್ಯಾನ್ ಹಾಕಿದಾಗ, ಆರಿಸಿದಾಗ ಗ್ರಾಫ್ ಏರಿಳಿಯುತ್ತಿತ್ತು. ಪೈನ ಗಡಿಯಾರ ನಡೆಸುವ ಕ್ರಿಸ್ಟಲ್‌ಗೆ ಗಾಳಿ ತಾಗಬಾರದು, ಬಿಸಿ ಬದಲಾದರೆ ಅದರ ವೇಗವೂ ಬದಲಾಗುತ್ತದೆ. ಥರ್ಮೋಕೋಲ್ ಪೆಟ್ಟಿಗೆ ಮಾಡಿದೆ. ಒಳಗಿನ ಬಿಸಿ ಒಂದೇ ಹದದಲ್ಲಿರಲು ಇನ್ನೊಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ನಡುವೆ ಗೋಡೆಯ ಕ್ವಾರ್ಟ್ಜ್ ಗಡಿಯಾರವನ್ನೂ ಬಿಚ್ಚಿದೆ. ಅದರ ಚಿಪ್ ಬಿಡಿಸಿ, ಮುಳ್ಳು ತಿರುಗಿಸುವ ಕಾಯಿಲಿನ ಎರಡು ತುದಿಗೆ ಆರ್ಡುಯಿನೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್ ಜೋಡಿಸಿದೆ. ಪ್ರತಿ ಪಿಪಿಎಸ್‌ಗೆ 30 ಮಿಲಿಸೆಕೆಂಡಿನ ಪಲ್ಸ್, ಒಮ್ಮೆ ಈ ದಿಕ್ಕು, ಮುಂದಿನ ಸಲ ಆ ದಿಕ್ಕು. ದಿಕ್ಕು ಬದಲಾಗದಿದ್ದರೆ ಮುಳ್ಳು ಅಲುಗುವುದೇ ಇಲ್ಲ. ಮೊದಲು ತಿಂಗಳಿಗೆ ಹತ್ತು-ಹದಿನೈದು ಸೆಕೆಂಡ್ ತಪ್ಪುತ್ತಿದ್ದ ಗಡಿಯಾರ ಈಗ ಒಂದು ಸೆಕೆಂಡೂ ತಪ್ಪುತ್ತಿಲ್ಲ.

ಪೈ ಬಿಟ್ಟು, ಹಾಳಾದದ್ದೂ ಸೇರಿ ಒಟ್ಟು ಮೂರು ಸಾವಿರದ ಒಳಗೆ ಮುಗಿಯಿತು. ಗೆಳೆಯರು ತರಿಸಿ ಎಂದ ರಿಸೀವರಿಗೆ ಕಸ್ಟಮ್ಸ್ ಡ್ಯೂಟಿ ಸೇರಿ ಹತ್ತು ಸಾವಿರ ದಾಟುತ್ತಿತ್ತು.