ಹಳೇ ಮನೆ ಮೇಲೆ ಹೊಸ ಮಹಡಿ: ಮೊದಲು ಟೇಪು, ಆಮೇಲೆ ಅರ್ಜಿ

ಬೆಂಗಳೂರಿನಲ್ಲಿ ಹಳೇ ಮನೆ ರಿಪೇರಿಗೆ ಕೈಹಾಕುವವರಲ್ಲಿ ಎರಡು ಬಗೆ. ಪ್ಲಾನ್ ಸ್ಯಾಂಕ್ಷನ್ ಗೊಡವೆಯೇ ಬೇಡ ಎಂದು ಮೇಸ್ತ್ರಿ ಮಾತು ನಂಬಿ ಶುರು ಮಾಡುವವರು ಒಂದು ಬಗೆ. ಅವರಿಗೆ ನೋಟಿಸ್ ಬರುತ್ತದೆ. ಇನ್ನೊಂದು ಬಗೆಯವರು ಅರ್ಜಿ ಹಾಕಿಯೂ ತಿಂಗಳುಗಟ್ಟಲೆ ಅಲೆಯುತ್ತಾರೆ. ಇವರ ಹೊಸ ಮಹಡಿಯ ನಕ್ಷೆ ಸೊಗಸಾಗಿಯೇ ಇರುತ್ತದೆ. ಎಡವಟ್ಟು ಇರುವುದು ಕೆಳಗೆ ನಿಂತಿರುವ ಹಳೇ ಮನೆಯ ಅಳತೆಯಲ್ಲಿ. ಹಾಗಾಗಿ ಈ ಲೇಖನದ ದೊಡ್ಡ ಪಾಲು ಅದರ ಬಗ್ಗೆಯೇ.

ಅನುಮತಿ ಯಾವುದಕ್ಕೆ ಬೇಕು?

ಸುಣ್ಣ-ಬಣ್ಣ, ಗಾರೆ, ನೆಲಹಾಸು ಬದಲಾವಣೆ, ಕಿಟಕಿ-ಬಾಗಿಲು ಇಡುವುದು ಅಥವಾ ತೆಗೆಯುವುದು, ನಡುವೆ ಪಾರ್ಟಿಷನ್ ಹಾಕುವುದು: ಇಂಥ ಸಣ್ಣ ಕೆಲಸಕ್ಕೆ 2003ರ ಕಟ್ಟಡ ಉಪವಿಧಿಗಳ ಪ್ರಕಾರ ಲೈಸೆನ್ಸ್ ಬೇಡ. ಆದರೆ ಕಟ್ಟಡದ ಭದ್ರತೆಗೆ ಧಕ್ಕೆ ಬರಬಾರದು ಎಂಬ ಷರತ್ತು ಅದರಲ್ಲೇ ಇದೆ. 'ಓಪನ್ ಕಿಚನ್' ಆಸೆಗೆ ಹಾಲ್ ಮತ್ತು ಅಡುಗೆಮನೆ ನಡುವಿನ ಗೋಡೆ ಒಡೆಯುವವರು ಸಿಕ್ಕಿಬೀಳುವುದು ಇಲ್ಲೇ. ಪಿಲ್ಲರ್ ಇಲ್ಲದ ಹಳೇ ಮನೆಯಲ್ಲಿ ನಾಲ್ಕೂವರೆ ಇಂಚಿನ ಗೋಡೆ ಸಾಮಾನ್ಯವಾಗಿ ಬರೀ ಅಡ್ಡಗೋಡೆ; ಒಂಬತ್ತು ಇಂಚಿನದು ಮೇಲಿನ ಮೋಲ್ಡ್ (ಕಾಂಕ್ರೀಟ್ ಚಾವಣಿ) ಹೊತ್ತಿರುತ್ತದೆ. ಒಂಬತ್ತಿಂಚಿನ ಗೋಡೆ ಮುಟ್ಟುವ ಮುಂಚೆ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಲೇಬೇಕು. ಮಹಡಿ ಏರಿಸುವುದು, ಕೋಣೆ ಸೇರಿಸುವುದು, ಖಾಲಿ ಬಿಟ್ಟ ಜಾಗಕ್ಕೆ ಮನೆ ಚಾಚುವುದು ಇವೆಲ್ಲಕ್ಕೂ ಮಂಜೂರಾತಿ ಬೇಕು, ಎರಡನೇ ಮಾತಿಲ್ಲ.

ಹಳೇ ಮಂಜೂರಾತಿ ನಕ್ಷೆ ಹುಡುಕಿ

ಬೀರುವಿನಲ್ಲಿ ಸಿಗದಿದ್ದರೆ ಮೊದಲು ಹೋಗಬೇಕಾದದ್ದು ಬ್ಯಾಂಕಿಗೆ. ಹಿಂದೆ ಗೃಹಸಾಲ ತೆಗೆದಿದ್ದರೆ ಸಾಲದ ಕಡತದಲ್ಲಿ ನಕ್ಷೆಯ ಪ್ರತಿ ಇರುವ ಸಂಭವ ಹೆಚ್ಚು. ಅಲ್ಲೂ ಇಲ್ಲವಾದರೆ ಪಾಲಿಕೆಯ ನಗರ ಯೋಜನಾ ವಿಭಾಗಕ್ಕೆ ಆರ್‌ಟಿಐ ಅರ್ಜಿ ಹಾಕಿ ದೃಢೀಕೃತ ನಕಲು ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯವೂ ಒಂದೇ ಇರಬೇಕು; ಪುರಾಣ ಬರೆಯಬೇಡಿ. ನಿವೇಶನ ಸಂಖ್ಯೆ, ಹಳೇ ಖಾತಾ ಸಂಖ್ಯೆ, ಗೊತ್ತಿದ್ದರೆ ಎಲ್‌ಪಿ ಸಂಖ್ಯೆ (ಹಳೇ ಮಂಜೂರಾತಿಯ ಸಂಖ್ಯೆ), ಕಟ್ಟಿದ ವರ್ಷ, ಆಗಿನ ಮಾಲೀಕರ ಹೆಸರು ಇಷ್ಟು ಸಾಕು. ಕೊನೆಯದನ್ನೇ ಮರೆಯುತ್ತಾರೆ. ಕಡತ ಇರುವುದು ತಂದೆಯ ಹೆಸರಲ್ಲೋ ಮಾರಿದವರ ಹೆಸರಲ್ಲೋ. ನಿಮ್ಮ ಹೆಸರಲ್ಲಿ ಹುಡುಕಿದರೆ 'ದಾಖಲೆ ಲಭ್ಯವಿಲ್ಲ' ಎಂಬ ಹಿಂಬರಹವೇ ಗತಿ. 2007ರಲ್ಲಿ ಬಿಬಿಎಂಪಿಗೆ ಸೇರಿದ ಹಳೇ ನಗರಸಭೆಗಳ ಪ್ರದೇಶವಾಗಿದ್ದರೆ ಆ ನಗರಸಭೆಯ ಹೆಸರನ್ನೂ ಕಾಣಿಸಿ.

ಅಳತೆ: ಎಲ್ಲ ಕೆಡುವುದು ಇಲ್ಲಿ

ಹಳೇ ನಕ್ಷೆ ಸಿಕ್ಕಿತೆಂದು ಅದನ್ನೇ 'ಈಗಿರುವ ಕಟ್ಟಡ' ಎಂದು ನಕಲು ಮಾಡಿ ಹಾಕುವ ಡ್ರಾಫ್ಟ್ಸ್‌ಮನ್‌ಗಳಿದ್ದಾರೆ. ಅಂಥವರಿಗೆ ಕೆಲಸ ಕೊಡಬೇಡಿ. ನಕ್ಷೆಯಲ್ಲಿದ್ದಂತೆ ಕಟ್ಟಿದ ಮನೆ ಅಪರೂಪ. ಸ್ಥಳ ಪರಿಶೀಲನೆಗೆ ಬಂದವರು ಟೇಪು ಬಿಚ್ಚಿದ ಕೂಡಲೇ ವ್ಯತ್ಯಾಸ ಬಯಲಾಗುತ್ತದೆ.

ನಿವೇಶನದಿಂದ ಶುರು ಮಾಡಿ. 30×40ರ ಮೂಲೆಯಿಂದ ಮೂಲೆಗೆ ಅಳೆದರೆ ಸರಿಯಾಗಿ 50 ಅಡಿ ಬರಬೇಕು, ಎರಡೂ ಕರ್ಣ. ಒಂದು 50, ಇನ್ನೊಂದು 49 ಬಂದರೆ ನಿವೇಶನ ಸೊಟ್ಟಗಿದೆ, ಇಲ್ಲವೇ ಕಾಂಪೌಂಡ್ ಎಲ್ಲೋ ಸರಿದಿದೆ. ಇದನ್ನು ಕ್ರಯಪತ್ರದ ಚಕ್ಕುಬಂದಿ ಜೊತೆ ತಾಳೆ ನೋಡದೆ ಮುಂದೆ ಹೋಗಬೇಡಿ.

ಮನೆಯನ್ನು ಹೊರಗಿನಿಂದ ಅಳೆಯಿರಿ. ಒಳಗಿನ ಕೋಣೆಗಳ ಅಳತೆ ಕೂಡಿಸಿದರೆ ಗೋಡೆಯ ದಪ್ಪ ಬಿಟ್ಟುಹೋಗುತ್ತದೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಎರಡೂ ಕಡೆ ಗಾರೆ ಸೇರಿ ಸುಮಾರು 26 ಸೆಂ.ಮೀ. ಸಾಲಾಗಿ ಮೂರು ಕೋಣೆ ಎಂದರೆ ನಾಲ್ಕು ಗೋಡೆ, ಅಂದರೆ 1.04 ಮೀಟರ್ ಮಂಗಮಾಯ.

ಸೆಟ್‌ಬ್ಯಾಕನ್ನು, ಅಂದರೆ ಮನೆ ಸುತ್ತ ಖಾಲಿ ಬಿಡಬೇಕಾದ ಜಾಗವನ್ನು, ಅಳೆಯಬೇಕಾದದ್ದು ನಿವೇಶನದ ಗಡಿಯಿಂದ. ಕಾಂಪೌಂಡ್ ಪೂರ್ತಿ ನಿಮ್ಮ ಜಾಗದಲ್ಲಿದ್ದರೆ ಅದರ ಹೊರಮುಖವೇ ಗಡಿ. ಪಕ್ಕದ ಮನೆಯೊಂದಿಗೆ ಒಟ್ಟು ಗೋಡೆಯಾಗಿದ್ದರೆ ಅದರ ನಡುಗೆರೆ. ಇದೆಲ್ಲ ಕೂದಲು ಸೀಳುವ ಕೆಲಸ ಅನಿಸಬಹುದು. ಲೆಕ್ಕ ನೋಡಿ: 2003ರ ಉಪವಿಧಿಗಳಲ್ಲಿ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಬಹುದಾದ ಉಲ್ಲಂಘನೆಯ ಮಿತಿ ಶೇ 5. ಒಂದು ಮೀಟರ್ ಬಿಡಬೇಕಾದ ಕಡೆ ಅದು ಬರೀ 5 ಸೆಂ.ಮೀ. ಆರಿಂಚಿನ ಕಾಂಪೌಂಡಿನ ಒಳಮುಖದಿಂದ ಟೇಪು ಹಿಡಿದರೆ ಅಲ್ಲೇ 15 ಸೆಂ.ಮೀ. ಕಳೆದುಕೊಂಡಿರಿ. ಹೊರಗೋಡೆಗೆ ಆಮೇಲೆ ಅಂಟಿಸಿದ ಅಲಂಕಾರದ ಕಲ್ಲೂ ಅದರ ಗಾರೆಯೂ ಸೇರಿ 4 ಸೆಂ.ಮೀ. ತಿನ್ನುತ್ತವೆ.

ಇಷ್ಟಾದ ಮೇಲೆ ಮೂರನ್ನೂ ಒಂದೇ ಹಾಳೆಯಲ್ಲಿ ಬರೆಸಿ: ಮಂಜೂರಾದದ್ದು, ಈಗ ಇರುವುದು, ಮುಂದೆ ಕಟ್ಟುವುದು. ಹೊಸ ಕೆಲಸಕ್ಕೆ ಪೂರ್ತಿ ತುಂಬಿದ ಕೆಂಪು, ಒಡೆಯುವ ಭಾಗಕ್ಕೆ ಹಳದಿ ಓರೆಗೆರೆ, ಮಂಜೂರಾತಿ ಮೀರಿದ ಭಾಗಕ್ಕೆ ಕೆಂಪು ಓರೆಗೆರೆ. ಮೀರಿದ್ದನ್ನು ಮುಚ್ಚಿಡುವುದಕ್ಕಿಂತ ತೋರಿಸುವುದೇ ವಾಸಿ. ಸಕ್ರಮವಾಗದ ಭಾಗವಿದ್ದರೆ, ಉದಾಹರಣೆಗೆ ಹಿತ್ತಲಲ್ಲಿ ಎಬ್ಬಿಸಿದ ಬಚ್ಚಲುಮನೆ, ಒಡೆಯುವ ಪಟ್ಟಿಗೆ ಸೇರಿಸಿ ನಿಜವಾಗಿಯೂ ಒಡೆಯಿರಿ. ಅಕ್ರಮ-ಸಕ್ರಮ ಬರುತ್ತದೆ ಎಂದು ಕಾಯುವವರಿಗೆ: ಆ ಯೋಜನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದು 2017ರ ಜನವರಿಯಲ್ಲಿ. ಇನ್ನು, ಹೆಚ್ಚುವರಿ ಮಹಡಿಗೆ ಆಸ್ತಿ ತೆರಿಗೆ ಕಟ್ಟಿದ ರಸೀದಿ ಮಂಜೂರಾತಿ ಆಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಎಷ್ಟು ಕಟ್ಟಬಹುದು?

2015ರ ಮಹಾಯೋಜನೆಯ ವಲಯ ನಿಯಮದಲ್ಲಿ 360 ಚ.ಮೀ.ವರೆಗಿನ ನಿವೇಶನಕ್ಕೆ, 12 ಮೀಟರ್‌ವರೆಗಿನ ರಸ್ತೆಯಲ್ಲಿ, ಎಫ್‌ಎಆರ್ (ಎಲ್ಲ ಮಹಡಿ ಸೇರಿ ನಿವೇಶನದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ) 1.75, ನೆಲವ್ಯಾಪ್ತಿ (ನಿವೇಶನದಲ್ಲಿ ಕಟ್ಟಡ ಆವರಿಸಬಹುದಾದ ಪಾಲು) ಶೇ 75. 1200 ಚದರಡಿಗೆ ಒಟ್ಟು 2100 ಚದರಡಿ. ಕೆಳಗೆ 900 ಕಟ್ಟಿದ್ದರೆ ಮೇಲೆ ಇನ್ನೊಂದು 900, ಅದರ ಮೇಲೆ 300 ಮಾತ್ರ. ಎರಡನೇ ಮಹಡಿಯನ್ನೂ ಪೂರ್ತಿ ಎಬ್ಬಿಸುತ್ತೇನೆ ಎನ್ನುವ ಕಂಟ್ರಾಕ್ಟರ್‌ಗೆ ಈ ಲೆಕ್ಕ ತೋರಿಸಿ.

ಕೆಳಗಿನ ಮನೆ ಹೊರುತ್ತದೆಯೇ?

ಸ್ಟ್ರಕ್ಚರಲ್ ಇಂಜಿನಿಯರ್ ಮನೆಗೆ ಬಾರದೆ ಕೊಟ್ಟ ಪ್ರಮಾಣಪತ್ರ ರದ್ದಿಗೆ ಸಮ. ಒಂದು ಮೂಲೆಯಲ್ಲಾದರೂ ಪಾಯ ಬಗೆದು ನೋಡಬೇಕು. ತಾರಸಿಯಲ್ಲಿ 'ಮುಂದೆ ಬೇಕಾಗುತ್ತದೆ' ಎಂದು ಬಿಟ್ಟ ಕಂಬಿಗಳ ತುಕ್ಕು ಕೆರೆದು ಕ್ಯಾಲಿಪರ್ ಹಿಡಿಯಿರಿ. 12 ಎಂಎಂ ಕಂಬಿ 10ಕ್ಕೆ ಇಳಿದಿದ್ದರೆ ಅದರ ಕಬ್ಬಿಣದಲ್ಲಿ ಶೇ 30ರಷ್ಟು ಹೋಯಿತೆಂದೇ ಅರ್ಥ. ಪಾಯದಿಂದ ಬಾರದೆ ಮೋಲ್ಡ್ ಮೇಲಿಂದಲೇ ಹೊಸ ಪಿಲ್ಲರ್ ಎಬ್ಬಿಸುವುದು ಅತಿ ಕೆಟ್ಟ ಅಡ್ಡದಾರಿ. ಭಾರವೆಲ್ಲ ಹಳೇ ಮೋಲ್ಡ್ ಮೇಲೆ ಕೂರುತ್ತದೆ.

ಅರ್ಜಿ

ಇದು ಸುಲಭದ ಭಾಗ. ಕ್ರಯಪತ್ರ, ಇ-ಖಾತಾ, ಈ ವರ್ಷದ ತೆರಿಗೆ ರಸೀದಿ, ಹಳೇ ನಕ್ಷೆ, ಸ್ಟ್ರಕ್ಚರಲ್ ಪ್ರಮಾಣಪತ್ರ, ಹೊಸ ನಕ್ಷೆ ಹಿಡಿದು ನೋಂದಾಯಿತ ಆರ್ಕಿಟೆಕ್ಟ್ ಅಥವಾ ಇಂಜಿನಿಯರ್ ಮೂಲಕ ಆನ್‌ಲೈನ್‌ನಲ್ಲಿ ಹಾಕಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಐದು ಪಾಲಿಕೆಗಳಿವೆ. ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ನೋಡಿಕೊಳ್ಳಿ. 50×80 ಅಡಿವರೆಗಿನ ನಿವೇಶನದ ಮನೆಗಳಿಗೆ 'ನಂಬಿಕೆ ನಕ್ಷೆ' ಯೋಜನೆಯಲ್ಲಿ ತಾತ್ಕಾಲಿಕ ಮಂಜೂರಾತಿ ಬೇಗ ಸಿಗುತ್ತದೆ. ಆದರೆ ದಾಖಲೆ ಪರಿಶೀಲನೆ ಅದಾದ ಮೇಲೆ. ಖಾತಾದಲ್ಲಿರುವ ಕಟ್ಟಡದ ವಿಸ್ತೀರ್ಣವೂ ನಿಮ್ಮ ಅಳತೆ ನಕ್ಷೆಯೂ ಬೇರೆಬೇರೆಯಾಗಿದ್ದರೆ ಅರ್ಜಿಗೆ ಮುಂಚೆಯೇ ಸರಿಪಡಿಸಿಕೊಳ್ಳುವುದು ಒಳ್ಳೆಯದು. ನಕ್ಷೆಯ ಕಡತ ಸಾಫ್ಟ್‌ವೇರ್‌ನಲ್ಲೇ ತಿರಸ್ಕಾರವಾದರೆ ಗಾಬರಿ ಬೇಡ: ಬಹಳ ಸಲ ಗೆರೆ ಎಲ್ಲೋ ಕೂಡಿಕೊಂಡಿರುವುದಿಲ್ಲ, ಅಥವಾ ಮೀಟರ್ ಬದಲು ಮಿಲಿಮೀಟರ್‌ನಲ್ಲಿ ಬರೆದಿರುತ್ತಾರೆ.

ಶುಲ್ಕದ ಜೊತೆ ಕಟ್ಟಡ ವೆಚ್ಚದ ಶೇ 1ರಷ್ಟು ಕಾರ್ಮಿಕ ಸೆಸ್ ಕೇಳುತ್ತಾರೆ. ಸ್ವಂತ ವಾಸದ ಮನೆ, ಖರ್ಚು 50 ಲಕ್ಷ ಮೀರದು ಎಂದಾದರೆ ಅದು ಅನ್ವಯಿಸುವುದಿಲ್ಲ. ಅಂದಾಜುಪಟ್ಟಿ ಇಟ್ಟು ಕೇಳಿ.

1200 ಚದರಡಿವರೆಗಿನ ನಿವೇಶನದ ಮನೆಗಳಿಗೆ ವಿನಾಯಿತಿ ಸಿಕ್ಕಿದೆಯಂತೆ ಎಂಬ ಮಾತು ಕೇಳಿರುತ್ತೀರಿ. 2025ರಲ್ಲಿ ಸಿಕ್ಕಿದ್ದು ಓಸಿಗೆ (ಕಟ್ಟಿ ಮುಗಿದ ಮೇಲೆ ಕೊಡುವ ವಾಸಯೋಗ್ಯ ಪ್ರಮಾಣಪತ್ರ), ಅದೂ ನೆಲ ಮತ್ತು ಎರಡು ಮಹಡಿ ಅಥವಾ ಸ್ಟಿಲ್ಟ್ (ಕಂಬಗಳ ನಡುವಿನ ಪಾರ್ಕಿಂಗ್ ಅಂತಸ್ತು) ಮತ್ತು ಮೂರು ಮಹಡಿವರೆಗೆ. ಮಂಜೂರಾತಿ ನಕ್ಷೆ ಎಲ್ಲರಿಗೂ ಬೇಕು.

ಮಂಜೂರಾದ ನಕ್ಷೆಯ ಒಂದು ಪ್ರತಿ ಕೆಲಸದ ಜಾಗದಲ್ಲಿರಲಿ, ಪ್ಲಾಸ್ಟಿಕ್ ಕವರಿನಲ್ಲಿ. ಸೆಂಟ್ರಿಂಗ್ ಹೊಡೆಯುವ ದಿನ ಬಾಲ್ಕನಿಯ ಚಾಚನ್ನು ಅದರ ಜೊತೆ ನೀವೇ ಟೇಪು ಹಿಡಿದು ತಾಳೆ ನೋಡಿ. ಮೋಲ್ಡ್ ಹಾಕಿದ ಮೇಲೆ ಅರ್ಧ ಅಡಿ ಕಡಿಮೆ ಮಾಡುವುದೆಂದರೆ ಕಾಂಕ್ರೀಟ್ ಕಟರ್ ತರಿಸಬೇಕು.